ಒಳಗೆ ಬಿಡದ ಬುತ್ತಿ

ಹರಪನಹಳ್ಳಿ ಬಸ್ ನಿಲ್ದಾಣದ ಹತ್ತಿರ ಒಂದು ಸಣ್ಣ ಹೋಟೆಲು. ಬೆಳಗಿನ ಆರೂವರೆ. ಬಾಣಲೆಯಲ್ಲಿ ಸಾಸಿವೆ ಸಿಡಿದು, ಶೇಂಗಾ ಕೆಂಪಾಗಿ, ಹಸಿಮೆಣಸಿನಕಾಯಿಯ ಘಾಟು ರಸ್ತೆಯವರೆಗೂ ಬಂದು ಇಬ್ಬರನ್ನು ಕೆಮ್ಮಿಸಿತು. ನೀರಲ್ಲಿ ಅದ್ದಿ ಹಿಂಡಿದ ಮಂಡಕ್ಕಿ ಬಾಣಲೆಗೆ ಬಿತ್ತು. ಮೇಲೆ ಪುಟಾಣಿ ಹಿಟ್ಟು, ಕೊತ್ತಂಬರಿ, ಅರ್ಧ ನಿಂಬೆಹಣ್ಣು. ಈ ಮಂಡಕ್ಕಿ ಒಮ್ಮೆ ಬೆಂಕಿ ಕಂಡೇ ಬಂದದ್ದು. ಭಟ್ಟಿಯ ಕಾದ ಮರಳಿಗೆ ಉಪ್ಪು ಹೀರಿದ ಅಕ್ಕಿ ಬಿದ್ದರೆ ರೆಪ್ಪೆ ಬಡಿಯುವಷ್ಟರಲ್ಲಿ ಅರಳುತ್ತದೆ. ಜರಡಿ ಆಡಿಸಿದರೆ ಮರಳು ಕೆಳಗೆ, ಮಲ್ಲಿಗೆ ಮೊಗ್ಗಿನಂಥ ಕಾಳು ಮೇಲೆ. ಒಗ್ಗರಣೆ ಬಿದ್ದ ಮೇಲೆ ಅದರ ಆಯುಸ್ಸು ಐದೇ ನಿಮಿಷ. ಅಷ್ಟರೊಳಗೆ ತಿಂದವನೇ ಜಾಣ.

ಊಟದ ಬಗ್ಗೆ ಓದುವ ಚಟ ನನಗೆ ಊಟದಷ್ಟೇ ಹಳೆಯದು. ಈ ಸೀಮೆಗೂ ಆ ಚಟ ಹೊಸದಲ್ಲ. ಇದೇ ತಾಲೂಕಿನ ಬಾಗಳಿಯ ಕಲ್ಲೇಶ್ವರ, ನೀಲಗುಂದದ ಭೀಮೇಶ್ವರ ಗುಡಿಗಳನ್ನು ನೋಡಿದವರಿಗೆ ಚಾಲುಕ್ಯರ ಕಾಲದವರು ಕಲ್ಲನ್ನು ಎಷ್ಟು ಅಕ್ಕರೆಯಿಂದ ಮುಟ್ಟುತ್ತಿದ್ದರೆಂದು ಗೊತ್ತು. ಅನ್ನವನ್ನೂ ಅವರು ಅಷ್ಟೇ ಅಕ್ಕರೆಯಿಂದ ಮುಟ್ಟಿದರು. ಕಲ್ಯಾಣ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರನ ಹೆಸರಿನಲ್ಲಿರುವ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗಕ್ಕೇ ಒಂದು ಭಾಗವಿದೆ. 16ನೇ ಶತಮಾನದ ಮೊದಲಿಗೆ ಮೂರನೇ ಮಂಗರಸ ‘ಸೂಪಶಾಸ್ತ್ರ’ವನ್ನು ಕನ್ನಡದಲ್ಲೇ ಬರೆದ. ಬಾಯಿ ಚಪ್ಪರಿಸಿದ್ದನ್ನು ಬರೆದಿಡುವುದು ನಮ್ಮಲ್ಲಿ ಹಗುರದ ಕೆಲಸವೇನೂ ಆಗಿರಲಿಲ್ಲ.

ಅವತ್ತು ನನ್ನ ಹೆಗಲ ಚೀಲದಲ್ಲಿ ಎರಡು ಬಗೆಯ ಓದು ಇತ್ತು. ಒಂದು, ದೇಶ ಸುತ್ತಿ ಉಂಡು ಕುಡಿದು ಬರೆದವರ ಪುಸ್ತಕ. ಇನ್ನೊಂದು, ಕಟ್ಟಡದ ನಕ್ಷೆ ಬರೆಯುವ ಗೆಳೆಯನೊಬ್ಬ ‘ಇದನ್ನೂ ಓದು’ ಎಂದು ಕೊಟ್ಟ ಕಾಗದದ ಕಟ್ಟು: ಕೇಂದ್ರ ಗೃಹ ಇಲಾಖೆಯ 2016ರ ಮಾದರಿ ಕಾರಾಗೃಹ ಕೈಪಿಡಿಯ ಹಾಳೆಗಳು. ಐದು ತಾಲೂಕು ಸುತ್ತಿ ಸಂಜೆಗೆ ಕೂಡ್ಲಿಗಿ ಸೇರುವ ಬಸ್ಸಿನ ದಾರಿ. ಮೊದಲನೆಯದನ್ನು ಓದುತ್ತ, ಎರಡನೆಯದನ್ನು ಚೀಲದ ತಳಕ್ಕೆ ತಳ್ಳುತ್ತ ಹೋಗುವುದೆಂದು ಅಂದುಕೊಂಡಿದ್ದೆ.

ಹರಪನಹಳ್ಳಿ ಕೂತಲ್ಲೇ ಪ್ರಯಾಣ ಮಾಡಿದ ಊರು. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ನನ್ನ ದಾರಿಯ ಉಳಿದ ನಾಲ್ಕು ತಾಲೂಕುಗಳ ಜೊತೆ ವಿಜಯನಗರ ಜಿಲ್ಲೆಗೆ ಸೇರಿತು. ಒಗ್ಗರಣೆಯ ಘಾಟು ಮಾತ್ರ ಯಾವ ಜಿಲ್ಲೆಯಲ್ಲೂ ಕಮ್ಮಿಯಾಗಲಿಲ್ಲ.

ಹಡಗಲಿಗೆ ಬಸ್ಸು ಹೊಕ್ಕಾಗ ಮೊದಲು ಎದ್ದದ್ದು ಮೂಗು. ಸುಮ್ಮನೆ ಹೂವಿನ ಹಡಗಲಿ ಅನ್ನುತ್ತಾರೆಯೇ? ಬಿಸಿಲೇರುವ ಮೊದಲೇ ಕಿತ್ತ ಮೊಗ್ಗು ಒದ್ದೆ ಬಟ್ಟೆಯಡಿ ಕೂತು ಬಸ್ಸಿಗೆ ಕಾಯುತ್ತಿರುತ್ತದೆ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ, ಅಂದರೆ ಈ ಕಂಪಿಗೆ ಈ ಮಣ್ಣೇ ಬೇಕು ಎಂದು ಸರ್ಕಾರವೇ ಒಪ್ಪಿದ ಹಾಗೆ. ನನ್ನ ಚೀಲದ ಪುಸ್ತಕದ ವೈನ್ ರಸಿಕರು ಹೇಳುವುದೂ ಅದನ್ನೇ: ದ್ರಾಕ್ಷಿ ಬೆಳೆದದ್ದು ಸುಣ್ಣಗಲ್ಲಿನ ಇಳಿಜಾರೋ ಗರಸು ನೆಲವೋ ಎಂಬುದನ್ನು ಒಂದು ಗುಟುಕಿನಲ್ಲಿ ನಾಲಗೆಯೇ ಹೇಳುತ್ತದಂತೆ. ನಾನು ವೈನಿನ ಪಂಡಿತನಲ್ಲ. ಆದರೆ ಹೂ ಮಾರುವ ಹೆಂಗಸು ಎರಡು ಬುಟ್ಟಿ ಮೂಸಿ, “ಇದು ನಮ್ಮೂರ್ದು, ಅದು ಹೊರಗಿಂದು” ಅಂದಾಗ ಆ ಪಂಡಿತರ ಮೇಲೆ ನಂಬಿಕೆ ಹುಟ್ಟಿತು.

ಇದೇ ತಾಲೂಕಿನ ಮೈಲಾರದಲ್ಲಿ ಕಾರಣಿಕ ನುಡಿಯುವ ಗೊರವಯ್ಯ ಹನ್ನೊಂದು ದಿನ ಉಪವಾಸವಿದ್ದು ಬಿಲ್ಲೇರುತ್ತಾನೆ. ಜನಸಾಗರ ಉಸಿರು ಬಿಗಿಹಿಡಿದು ಅವನ ಒಂದು ಸಾಲಿಗೆ ಕಾಯುತ್ತದೆ. ಹಸಿವನ್ನು ತಾನೇ ಆರಿಸಿಕೊಂಡವನ ಮಾತಿಗೆ ಅಷ್ಟು ಬೆಲೆ. ಇನ್ನೊಬ್ಬರು ಹೇರಿದ ಹಸಿವಿನಲ್ಲಿ ಇರುವವನ ಮಾತನ್ನು ಕೇಳುವವರು ಯಾರು? ಈ ಪ್ರಶ್ನೆ ಎಲ್ಲಿಂದ ಬಂತೋ ಕಾಣೆ. ಬಹುಶಃ ಚೀಲದ ತಳದ ಆ ಹಾಳೆಗಳಿಂದಲೇ ಇರಬೇಕು.

ಹಗರಿಬೊಮ್ಮನಹಳ್ಳಿಯ ದಾರಿಯಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಪ್ರವಾಸದ ಅರ್ಧ ಸುಖ ಅದರಲ್ಲೇ ಇದೆ. ಎರೆ ಹೊಲ, ಸಾಲು ಜಾಲಿ, ದೂರದಲ್ಲೊಂದು ಕುರಿಹಿಂಡು, ದಾಳಿಂಬೆ ತೋಟದ ಬೇಲಿ. ತಾಲೂಕಿನ ಅಂಕಸಮುದ್ರದ ಕೆರೆಯಲ್ಲಿ ನೀರ ನಡುವೆ ನಿಂತ ಕರಿಜಾಲಿ ಮರಗಳ ಮೇಲೆ ಕೊಕ್ಕರೆಗಳು ಸಂಸಾರ ಹೂಡುತ್ತವೆ. 2024ರಲ್ಲಿ ಆ ಕೆರೆ ಜೌಗುನೆಲಗಳ ರಾಮ್ಸರ್ ಪಟ್ಟಿಗೂ ಸೇರಿತು. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ ಈ ಸೀಮೆಯ ಪಕ್ಕದ ಹಂಪಿಯದು. ಕಾರಂತರ ‘ಅಪೂರ್ವ ಪಶ್ಚಿಮ’ ಕಡಲಾಚೆಯದು. ಎರಡರ ಬಂಡವಾಳವೂ ಒಂದೇ: ತನಗೆ ಬೇಕಾದ ಕಡೆ ತಿರುಗುವ ಕಣ್ಣು. ಇಲ್ಲಿ ಇಳಿಯಲೇ, ಮುಂದಿನ ಊರಿಗೆ ಹೋಗಲೇ, ಈ ಹೋಟೆಲೋ ಆ ಖಾನಾವಳಿಯೋ ಎಂಬ ಚಿಲ್ಲರೆ ತೀರ್ಮಾನಗಳನ್ನು ತೆಗೆದುಬಿಟ್ಟರೆ ಪ್ರವಾಸಕಥನದಲ್ಲಿ ಏನು ಉಳಿಯುತ್ತದೆ?

ಕೊಟ್ಟೂರಿಗೆ ಬಂದಾಗ ಹೊತ್ತು ಬಾಗಿತ್ತು. ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆ ಕಡೆಯಿಂದ ಜನ ನಡೆದು ಬರುವ ಊರು ಇದು. ನಡೆಯುವವರಿಗೆ ದಾರಿಯುದ್ದಕ್ಕೂ ಊಟ, ಮಜ್ಜಿಗೆ. ತೇರಿಲ್ಲದ ದಿನವೂ ಹೊರಗಿನವರನ್ನು ಇಳಿಸಿಕೊಳ್ಳುವ ಇನ್ನೊಂದು ದೇವರು ಇಲ್ಲುಂಟು, ಮಿರ್ಚಿ. ಸೀಳಿದ ಮೆಣಸಿನಕಾಯಿ ಕಡಲೆಹಿಟ್ಟಿನಲ್ಲಿ ಮುಳುಗಿ ಎಣ್ಣೆಗಿಳಿದರೆ ಮೊದಲು ಸುಂಯ್ ಎನ್ನುತ್ತದೆ, ಆಮೇಲೆ ಗುಳುಗುಳು, ಕೊನೆಗೆ ಸುಮ್ಮನಾಗುತ್ತದೆ. ಸುಮ್ಮನಾದಾಗ ಬೆಂದಿದೆ ಎಂದು ಅರ್ಥ. ಪೇಪರಿನ ಮೇಲೆ ಖಾರ ಮಂಡಕ್ಕಿ, ಪಕ್ಕಕ್ಕೆ ಎರಡು ಮಿರ್ಚಿ, ಒಂದು ಹಿಡಿ ಹೆಚ್ಚಿದ ಈರುಳ್ಳಿ.

ಪಕ್ಕದ ಬೆಂಚಿನಲ್ಲಿ ಮೂವರು ಯಾರದೋ ಸುದ್ದಿ ತೆಗೆದಿದ್ದರು.

“ಎಲ್ಲದಾನ ಈಗ?”

“ಎಲ್ಲಿರ್ತಾನ? ಒಳಗ ಮುದ್ದಿ ಮುರಿಯಾಕ ಹತ್ಯಾನ.”

“ಕಂಬಿ ಎಣಸಾಕ ಹತ್ಯಾನ ಅನ್ನು.”

“ಮಾವನ ಮನಿ ಬಿಡಪಾ ಅವಂಗ. ಮೂರು ಹೊತ್ತು ಕುಂತಲ್ಲೇ ಕೂಳು. ನಾವು ದುಡದ್ರೂ ಸಿಗಂಗಿಲ್ಲ.”

ಮಿರ್ಚಿ ನನ್ನ ಕೈಯಲ್ಲೇ ಉಳಿಯಿತು. ಜೈಲಿಗೆ ಕನ್ನಡದಲ್ಲಿ ಎಷ್ಟು ಅಡ್ಡಹೆಸರು! ಮುದ್ದೆ ಮುರಿಯುವುದು ಊಟದ ಮಾತು. ಕಂಬಿ ಎಣಿಸುವುದು ಕಟ್ಟಡದ ಮಾತು. ಮಾವನ ಮನೆ ಪ್ರವಾಸದ ಮಾತು, ಹೋಗಿ ಉಂಡು ಬರುವ ಮನೆ. ನನ್ನ ಚೀಲದ ಎರಡೂ ಓದುಗಳನ್ನು ಈ ಮೂವರು ಒಂದೇ ಉಸಿರಿನಲ್ಲಿ ಸೇರಿಸಿ ಹೊಲಿದುಬಿಟ್ಟಿದ್ದರು.

ಮೂರನೆಯವನ ಮಾತು ಬರಿಯ ಹೊಟ್ಟೆಯುರಿಯಲ್ಲ, ಅದಕ್ಕೊಂದು ಹಳೆಯ ಸಿದ್ಧಾಂತದ ಬೇರಿದೆ. ಹೊರಗಿನ ಕಡುಬಡವನಿಗಿಂತ ಒಳಗಿನವನು ಒಂದು ಮೆಟ್ಟಿಲು ಕೆಳಗೇ ಬದುಕಬೇಕು ಎಂದು 19ನೇ ಶತಮಾನದ ಇಂಗ್ಲೆಂಡು ನಂಬಿತ್ತು. ಆ ಮೆಟ್ಟಿಲು ಎಷ್ಟು ಕೆಳಗೆ ಹೋಗಬಲ್ಲದು ಎಂಬುದನ್ನು ಬಳ್ಳಾರಿ ಸೀಮೆ ಕಣ್ಣಾರೆ ಕಂಡಿದೆ. 1876ರಿಂದ 78ರವರೆಗಿನ, ನಮ್ಮವರು ಧಾತು-ಈಶ್ವರ ಸಂವತ್ಸರದ ಬರ ಎನ್ನುವ ಆ ಬರದಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಪರಿಹಾರ ಕಾಮಗಾರಿಯ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಮೇಲೆ ಪುಡಿಗಾಸು ಸಾಕೆಂದು ಗೊತ್ತುಮಾಡಿದ. ಮದ್ರಾಸಿನ ಸ್ಯಾನಿಟರಿ ಕಮಿಷನರ್ ಡಬ್ಲ್ಯು. ಆರ್. ಕಾರ್ನಿಷ್ ಅದನ್ನು ಬಲವಾಗಿ ವಿರೋಧಿಸಿದರು. ಕಲ್ಲು ಒಡೆಯುವವನಿಗೆ ಇದು ಸಾಲದು, ಜೈಲಿನ ಕೈದಿಗೆ ಅಳೆಯುವ ಪಡಿಯೂ ಇದಕ್ಕಿಂತ ಹೆಚ್ಚು ಎಂಬುದು ಅವರ ವಾದ. ಆ ಹೊತ್ತಿನಲ್ಲಿ ಜೈಲಿನ ಗೋಡೆಯೊಳಗೆ ನುಸುಳುವುದೇ ಹೊಟ್ಟೆಯ ದಾರಿಯಾಗಿ ಕಂಡವರೂ ಇದ್ದರು. ಹೊರಗಿನವನು ಹಸಿದಿದ್ದಾನೆಂದು ಒಳಗಿನವನ ತಟ್ಟೆಯನ್ನು ಇನ್ನಷ್ಟು ಬರಿದು ಮಾಡುವ ಲೆಕ್ಕಕ್ಕೆ ತಳವೆಂಬುದಿಲ್ಲ. ಬೆಂಚಿನ ಮೂರನೆಯವನ ಕೋಪ ನ್ಯಾಯದ್ದೇ. ಅದು ಅವನ ಕೂಲಿಯನ್ನು ಕಮ್ಮಿ ಮಾಡಿದವರತ್ತ ತಿರುಗದೆ ಇನ್ನೊಬ್ಬನ ಮುದ್ದೆಯತ್ತ ತಿರುಗಿತ್ತು, ಅಷ್ಟೆ.

ಕೊಟ್ಟೂರಿನ ರೈಲು ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ಕೂತೆ. ಹೊಸಪೇಟೆ–ಹರಿಹರದ ಗಾಡಿ ಹೋಗುವ ಹಳಿ. ಬೇವಿನ ನೆರಳಿನಲ್ಲಿ ಕಲ್ಲುಬೆಂಚು ತಣ್ಣಗಿತ್ತು. ಕೈಪಿಡಿಯ ಹಾಳೆ ಬಿಚ್ಚಿದೆ. ರೈಲು ಮತ್ತು ಜೈಲು ಎರಡೂ ಒಟ್ಟಿಗೆ ಕಣ್ಣಿಗೆ ಬಿದ್ದರೆ ಈ ಸೀಮೆಯಲ್ಲಿ ನೆನಪಾಗಬೇಕಾದದ್ದು 1921ರ ನವೆಂಬರ್. ಮಾಪಿಳ್ಳೆ ಬಂಡಾಯದಲ್ಲಿ ಹಿಡಿದ ಸುಮಾರು 100 ಮಂದಿಯನ್ನು ಮಲಬಾರಿನ ತಿರೂರಿನಿಂದ ಬಳ್ಳಾರಿ ಜೈಲಿಗೆಂದು ಸಾಮಾನು ಸಾಗಿಸುವ ಮುಚ್ಚಿದ ವ್ಯಾಗನ್ನಿನಲ್ಲಿ ತುಂಬಿದರು. ಕೊಯಮತ್ತೂರಿನ ಹತ್ತಿರದ ಪೋದನೂರಿನಲ್ಲಿ ಬಾಗಿಲು ತೆರೆದಾಗ ಒಳಗೆ ಹೆಣಗಳ ರಾಶಿ. ಆಮೇಲೆ ಆಸ್ಪತ್ರೆಯಲ್ಲಿ ಸತ್ತವರೂ ಸೇರಿ 60ಕ್ಕೂ ಹೆಚ್ಚು ಜನ ಹೋದರು. ಅವರನ್ನು ಯಾರೂ ಗುಂಡಿಕ್ಕಿ ಕೊಲ್ಲಲಿಲ್ಲ, ನೇಣಿಗೇರಿಸಲಿಲ್ಲ. ಕೊಂದದ್ದು ಗಾಳಿಯಾಡದ ಪೆಟ್ಟಿಗೆ. ಕಟ್ಟಿದ್ದು ಸರಕಿಗೆ, ತುಂಬಿದ್ದು ಮನುಷ್ಯರನ್ನು.

ಕೈಪಿಡಿ ಆ ಗಾಳಿಯನ್ನೇ ಅಳತೆಗೆ ಇಳಿಸುತ್ತದೆ. ಬ್ಯಾರಕ್ಕಿನಲ್ಲಿ ಮಲಗುವ ಒಬ್ಬ ಕೈದಿಗೆ 3.71 ಚದರ ಮೀಟರ್ ನೆಲ, 15.83 ಘನ ಮೀಟರ್ ಗಾಳಿ. ಒಂಟಿ ಕೋಣೆಯಾದರೆ 8.92 ಚದರ ಮೀಟರ್. ಒಂದು ಬ್ಯಾರಕ್ಕಿನಲ್ಲಿ 20 ಜನಕ್ಕಿಂತ ಹೆಚ್ಚಿರಬಾರದು. 3.71 ಚದರ ಮೀಟರ್ ಅಂದರೆ 40 ಚದರ ಅಡಿ, ಎಂಟಡಿ ಉದ್ದ, ಐದಡಿ ಅಗಲ. ನಮ್ಮ ಕಡೆ ಮನೆ ಮುಂದೆ ಸಂಜೆ ಕೂರುವ ಕಟ್ಟೆ ಅಷ್ಟೇ ಇರುತ್ತದೆ. ಒಬ್ಬನ ಹಾಸಿಗೆ, ಬಟ್ಟೆ, ಕನಸು, ನಿದ್ದೆ ಬಾರದ ರಾತ್ರಿ ಎಲ್ಲವೂ ಆ ಕಟ್ಟೆಯೊಳಗೆ. ಅದೂ ಕಾಗದದ ಲೆಕ್ಕ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 100 ಜನರ ಜಾಗದಲ್ಲಿ 131 ಮಂದಿ ಇದ್ದರು. ಅವರಲ್ಲಿ ನಾಲ್ವರಲ್ಲಿ ಮೂವರು ವಿಚಾರಣಾಧೀನರು, ತೀರ್ಪು ಇನ್ನೂ ಬಾರದವರು. ಹಾಗಾಗಿ ಗೋಡೆಯ ನಕ್ಷೆ ಬರೆಯುವವನು ಬರೆಯುತ್ತಿರುವುದು ತಪ್ಪಿತಸ್ಥರಿಗಾಗಿ ಮಾತ್ರವಲ್ಲ.

ನಕ್ಷೆಯಲ್ಲಿ ನೀತಿ ಎಲ್ಲಿರುತ್ತದೆ? ಕಿಟಕಿಯ ಎತ್ತರದಲ್ಲಿ. ಬೆಂಗಳೂರಿನ ಶೇಷಾದ್ರಿ ರಸ್ತೆಯ ಹಳೆಯ ಸೆಂಟ್ರಲ್ ಜೈಲು 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. ಈಗ ಧರಣಿ ಕೂತವರ ಘೋಷಣೆ ಕೇಳುವ ಆ ಜಾಗದಲ್ಲಿ ಹಳೆಯ ಕಾವಲು ಗೋಪುರ ಇನ್ನೂ ನಿಂತಿದೆ. ನಡುವೆ ನಿಂತವನಿಗೆ ಸುತ್ತಲ ಬ್ಯಾರಕ್ಕುಗಳೆಲ್ಲ ಕಾಣಬೇಕು, ಇದು ಜೆರೆಮಿ ಬೆಂಥಮ್ 1791ರಲ್ಲಿ ಪ್ರಕಟಿಸಿದ ಪ್ಯಾನಾಪ್ಟಿಕಾನ್ ಕಲ್ಪನೆಯ ಹತ್ತಿರದ ಸಂಬಂಧಿ. ಗೋಪುರ ಏರಿದರೆ ಎಲ್ಲವೂ ಕಾಣುತ್ತದೆ. ಬ್ಯಾರಕ್ಕಿನಲ್ಲಿ ನಿಂತರೆ ಗೋಪುರವೊಂದೇ ಕಾಣುತ್ತದೆ. ಪ್ರವಾಸಿಯದು ನೋಡುವ ಕಣ್ಣು. ಅದೇ ಮನುಷ್ಯನನ್ನು ಬರೀ ನೋಡಿಸಿಕೊಳ್ಳುವ ಮೈಯಾಗಿ ಮಾಡುವುದು ಈ ವಿನ್ಯಾಸದ ಗುಟ್ಟು.

ಆ ಜೈಲಿನಲ್ಲೇ ತುರ್ತುಪರಿಸ್ಥಿತಿಯಲ್ಲಿ ಸ್ನೇಹಲತಾ ರೆಡ್ಡಿ ಇದ್ದರು. ‘ಸಂಸ್ಕಾರ’ ಸಿನಿಮಾದ ಚಂದ್ರಿ ಅಂದರೆ ಎಲ್ಲರಿಗೂ ನೆನಪಾಗುತ್ತದೆ. ಅವರಿಗೆ ಆಸ್ತಮಾ. ಸುಮಾರು ಎಂಟು ತಿಂಗಳು ಒಳಗಿದ್ದು, ಆರೋಗ್ಯ ಪೂರ್ತಿ ಕೆಟ್ಟ ಮೇಲೆ 1977ರ ಜನವರಿ 15ರಂದು ಹೊರಬಂದರು. ಜನವರಿ 20ಕ್ಕೆ ತೀರಿಕೊಂಡರು. ಉಬ್ಬಸ ಇರುವವರಿಗೆ ಗಾಳಿಯೇ ಅನ್ನ. ಅವರ ಮೇಲಿನ ಆರೋಪ ಕೋರ್ಟಿನಲ್ಲಿ ರುಜುವಾತಾಗಿರಲಿಲ್ಲ. ಶಿಕ್ಷೆ ಮಾತ್ರ ಶ್ವಾಸಕೋಶದಲ್ಲಿ ಆಗಿಹೋಗಿತ್ತು.

ಊಟದ ಪುಸ್ತಕ ಓದುವ ನನಗೂ ಜೈಲಿನ ನಕ್ಷೆಗೂ ಏನು ಸಂಬಂಧ ಎಂಬ ನನ್ನದೇ ಪ್ರಶ್ನೆಗೆ ಆ ಕಲ್ಲುಬೆಂಚಿನ ಮೇಲೆ ಉತ್ತರ ಹೊಳೆಯಿತು. ಸೆರೆ ಅಂದರೆ ದಾರಿ ಕಸಿಯುವುದು. ಕೊಟ್ಟೂರಿನಲ್ಲಿ ಇಳಿಯಲೇ ಕೂಡ್ಲಿಗಿಗೆ ಹೋಗಲೇ ಎಂಬ ಆಯ್ಕೆಯನ್ನು ಕಸಿಯುವುದು. ಶಿಕ್ಷೆ ಅಲ್ಲಿಗೆ ಮುಗಿಯಿತು. ಬೆಳಕು, ಗಾಳಿ, ಉಪ್ಪು ಕಸಿಯುವುದು ಯಾವ ನ್ಯಾಯಾಧೀಶರೂ ಬರೆಯದ ತೀರ್ಪು. ಅದನ್ನು ಬರೆಯುವವರು ನಕ್ಷೆಗಾರರು, ಗುತ್ತಿಗೆದಾರರು, ಅಡುಗೆಮನೆಯ ಪಡಿ ಅಳೆಯುವವರು. ಒಂದು ಸಂಜೆಯ ಆಯ್ಕೆಯ ಬೆಲೆ ಎಷ್ಟೆಂದು ಬರೆಯುವುದೇ ಪ್ರವಾಸಕಥನಕಾರನ ಕಸುಬು, ನಾಲಗೆ ಎಂದರೇನು ಎಂದು ಬಲ್ಲವನೇ ಊಟದ ಲೇಖಕ. ಕಳೆದುಹೋದದ್ದು ಏನೆಂದು ಅವರಿಗಿಂತ ಚೆನ್ನಾಗಿ ಯಾರು ಹೇಳಿಯಾರು?

ಬೇರೆ ಬಗೆಯಲ್ಲಿ ಕಟ್ಟಿದವರೂ ಇದ್ದಾರೆ. ನಾರ್ವೆಯ ಹಾಲ್ಡೆನ್ ಜೈಲು 2010ರಲ್ಲಿ ತೆರೆಯಿತು. ಸುತ್ತ ಎತ್ತರದ ಗೋಡೆಯಿದೆ, ಕಿಟಕಿಗೆ ಮಾತ್ರ ಕಂಬಿಯಿಲ್ಲ, ಆವರಣದೊಳಗೆ ಮರಗಳನ್ನು ಉಳಿಸಿದ್ದಾರೆ. ಕೈದಿಗಳು ಒಟ್ಟಾಗಿ ಬಳಸುವ ಅಡುಗೆಮನೆಯೂ ಉಂಟು. ಮಿರ್ಚಿ ಅಂಗಡಿಯಲ್ಲಿ ಇದನ್ನು ಹೇಳಿದ್ದರೆ “ಹಂಗಾದ್ರ ನಾವೂ ಹೊಕ್ಕೀವಿ ನಡಿ” ಎನ್ನುತ್ತಿದ್ದರು. ಹೋಗಿ ನೋಡಲಿ. ಹೊರಗಿನಿಂದ ಚಿಲಕ ಹಾಕಿದ ಮನೆ ಎಷ್ಟು ಚೆಂದವಿದ್ದರೂ ಮೂರನೆಯ ದಿನ ಕಾಲು ಬಾಗಿಲತ್ತಲೇ ಎಳೆಯುತ್ತದೆ. ನಮ್ಮಲ್ಲೂ ದೇವನಹಳ್ಳಿ ಕಡೆಯ ಕೋರಮಂಗಲದಲ್ಲಿ ಹೊಲಗೆಲಸ ಮಾಡುವ ಕೈದಿಗಳ ಬಯಲು ಬಂದೀಖಾನೆ ಇದೆ. ಕಟ್ಟಡ ಕಟ್ಟುವವರೂ ತಮ್ಮ ಕೈಗೆ ತಾವೇ ಗೆರೆ ಎಳೆದುಕೊಂಡದ್ದುಂಟು. 2020ರಲ್ಲಿ ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ, ಮರಣದಂಡನೆಯ ಕೋಣೆ ಮತ್ತು ದೀರ್ಘಕಾಲದ ಒಂಟಿಸೆರೆಯ ಕೋಣೆಗೆ ತನ್ನ ಸದಸ್ಯರು ನಕ್ಷೆ ಬರೆಯಕೂಡದೆಂದು ನೀತಿಸಂಹಿತೆಗೆ ಸೇರಿಸಿತು. 2015ರ ವಿಶ್ವಸಂಸ್ಥೆಯ ಮಂಡೇಲಾ ನಿಯಮಗಳಂತೂ ಹಗಲ ಬೆಳಕಿನಲ್ಲಿ ಓದಲು ಬರುವಷ್ಟು ದೊಡ್ಡ ಕಿಟಕಿ ಬೇಕೆನ್ನುತ್ತವೆ. ಓದಲು ಅಂದರೆ ಏನನ್ನು? ಪ್ರವಾಸಕಥನವೇ ಇರಲಿ ಎಂದು ನನ್ನ ಆಸೆ.

ಕೂಡ್ಲಿಗಿಗೆ ಬಸ್ಸು ತಲುಪಿದಾಗ ಹೆದ್ದಾರಿಯ ಲಾರಿಗಳು ದೀಪ ಹಚ್ಚಿದ್ದವು. ಈ ಊರಿನಲ್ಲಿ ಗಾಂಧೀಜಿಯ ಚಿತಾಭಸ್ಮದ ಸ್ಮಾರಕವಿದೆ. ಬದುಕಿನ ಆರು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿ ಕಳೆದವರ ಬೂದಿ. ಅವರ ಜೈಲುವಾಸದ ಶುರುವಿನಲ್ಲೇ ಒಂದು ಊಟದ ತಕರಾರು ಇತ್ತು. 1908ರಲ್ಲಿ ಜೋಹಾನ್ಸ್‌ಬರ್ಗಿನ ಜೈಲಿನಲ್ಲಿ ಭಾರತೀಯರ ಮುಂದೆ ಬಂದದ್ದು ಮೆಕ್ಕೆಜೋಳದ ಗಂಜಿ. ಗಾಂಧಿ ಅರ್ಜಿ ಬರೆದರು. ಒಳಗಿದ್ದವರು ತಮ್ಮ ಅಡುಗೆ ತಾವೇ ಮಾಡಿಕೊಳ್ಳಲು ಒಪ್ಪಿಗೆ ಪಡೆದರು. ರುಚಿಯ ಚಪಲಕ್ಕೆ ಅಲ್ಲ. ಒಬ್ಬೊಬ್ಬ ಮನುಷ್ಯ ಒಂದೊಂದು ಊರಿನ ಊಟದಿಂದ ಆಗಿದ್ದಾನೆ ಎಂಬುದನ್ನು ಜೈಲು ಮರೆಯಬಾರದೆಂದು. ಕುಡಿತದ ವಿಷಯದಲ್ಲಿ ಅವರ ದಾರಿಯೇ ಬೇರೆ. ಆ ದಾರಿ ಹಿಡಿದೇ ಚಿತ್ರದುರ್ಗದ ತುರುವನೂರಿನಲ್ಲಿ 1939ರಲ್ಲಿ ಸೇಂದಿಯ ಈಚಲು ಮರ ಕಡಿದು ಎಸ್. ನಿಜಲಿಂಗಪ್ಪನವರೂ ಸಂಗಡಿಗರೂ ಜೈಲು ಸೇರಿದರು. ನನ್ನ ಚೀಲದ ವೈನ್ ರಸಿಕರಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟ.

ನಿಲ್ದಾಣದ ಕಲ್ಲುಹಾಸಿನ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಮಡಿಲಲ್ಲಿ ಬಿಳಿ ಬಟ್ಟೆಯ ಬುತ್ತಿ ಗಂಟು. ಗಂಟು ಕಟ್ಟಿದ ಬಿಗಿ ಹಾಗೇ ಇತ್ತು.

“ಎಲ್ಲಿಗೆ ಹೊಂಟೀಯವ್ವಾ?”

“ಊರಿಗೆ ಯಪ್ಪಾ. ಮಗನ್ನ ನೋಡಾಕ ಹೋಗಿದ್ನಿ.” ಯಾವ ಊರಿನ ಜೈಲೆಂದು ಹೇಳಿದಳು. ಅದು ಇಲ್ಲಿ ಬೇಡ. ಎತ್ತರದ ಗೋಡೆ ಎಲ್ಲ ಊರಲ್ಲೂ ಒಂದೇ ಎತ್ತರ.

“ಬುತ್ತಿ ಒಳಗ ಬಿಡಲಿಲ್ಲೇನು?”

“ಬಿಡಂಗಿಲ್ಲಂತ ಮೊದ್ಲೇ ಗೊತ್ತೈತಿ. ಹೋದ ಸಲಾನೂ ಬಿಡಲಿಲ್ಲ. ಹಂಗಂತ ಮಗನ್ನ ನೋಡಾಕ ಬರಿಗೈಲಿ ಹೋಗಾಕ ಬರ್ತೈತೇನು?”

ಸ್ವಲ್ಪ ಹೊತ್ತಿಗೆ ಗಂಟು ಬಿಚ್ಚಿದಳು. ಕಟಕ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ. ಬೆಳಗಿನ ಜಾವ ಎದ್ದು ಬಡಿದ ರೊಟ್ಟಿ, ಹಂಚಿನ ಕಪ್ಪು ಚುಕ್ಕೆ ಇನ್ನೂ ಅದರ ಮೈಮೇಲಿತ್ತು. ಒಂದನ್ನು ನಡುವಿಗೆ ಮುರಿದು ಅರ್ಧ ನನ್ನ ಕೈಗಿಟ್ಟಳು. ಬೇಡ ಅನ್ನುವ ಊರಲ್ಲ ಇದು.

“ಏನಂದ ಮಗ?”

“ಎಲ್ಲಾ ಚಂದೈತಿ ಅಂದ. ಚಂದೈತಿ ಅಂತ ಸುಳ್ಳ ಹೇಳ್ತಾನ, ನನಗ ಗೊತ್ತು.” ಚಟ್ನಿಪುಡಿಗೆ ಎಣ್ಣೆ ಕಲಸುತ್ತ ಹೇಳಿದಳು, “ಸಾರಿನಾಗ ಉಪ್ಪು ಕಮ್ಮಿ ಅಂದ, ಅದೊಂದು ಖರೇ ಹೇಳಿದ. ಅದನ್ನ ಕೇಳಿ ನನ್ನ ಜೀವಕ್ಕ ಸಮಾಧಾನ ಆತು ನೋಡು.”

“ಯಾಕವ್ವಾ?”

“ಉಪ್ಪು ಕಮ್ಮಿ ಅಂದ್ರ, ನಾಲಿಗಿ ಇನ್ನೂ ಸತ್ತಿಲ್ಲ.”

ಅವಳ ಬಸ್ಸು ಬಂತು. ಉಳಿದ ರೊಟ್ಟಿಗಳನ್ನು ಎಣಿಸಿ ಮತ್ತೆ ಗಂಟು ಕಟ್ಟಿದಳು, ಅದೇ ಬಿಗಿಯಲ್ಲಿ. ನನ್ನ ಕೈಯ ಅರ್ಧ ರೊಟ್ಟಿಯ ಮೇಲೆ ಚಟ್ನಿಪುಡಿ ಇನ್ನೂ ಇತ್ತು. ಅದರಲ್ಲಿ ಉಪ್ಪು ಸರಿಯಾಗಿತ್ತು.